ಹೊಳೆ ಏರುವ ಮೊದಲೇ ಅಕ್ಕಿಯ ಲೆಕ್ಕ ಊರಿಗೆ ಸಿಗಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಅಂಕೋಲಾ ತಾಲ್ಲೂಕಿನಲ್ಲಿ ಗಂಗಾವಳಿ ದಂಡೆಯ ಊರಿನವಳು ನಾನು. ನಮ್ಮ ಮಹಿಳಾ ಸ್ವಸಹಾಯ ಸಂಘದ ಹೆಸರಿನಲ್ಲಿದ್ದ ನ್ಯಾಯಬೆಲೆ ಅಂಗಡಿಯನ್ನು 16 ವರ್ಷ ನಡೆಸಿದೆ. ಮೊಣಕಾಲು ನೋವು ಜಾಸ್ತಿಯಾದ ಮೇಲೆ ಸಂಘದ ಇನ್ನೊಬ್ಬರಿಗೆ ತಕ್ಕಡಿ, ಯಂತ್ರ, ಬೀಗದ ಕೈ ಎಲ್ಲ ಒಪ್ಪಿಸಿ ಮನೆಯಲ್ಲಿದ್ದೇನೆ. ಆದರೂ ಜೂನ್ ಹತ್ತಿರ ಬಂದರೆ ಸಾಕು, ಅಂಗಡಿಯ ಹಿಂದಿನ ಕೋಣೆಯಲ್ಲಿ ಎಷ್ಟು ಚೀಲ ಇರಬಹುದು ಎಂಬ ಯೋಚನೆ ನಿದ್ದೆಗೆಡಿಸುತ್ತದೆ.

ಪ್ರತಿ ಮೇ ತಿಂಗಳಲ್ಲಿ ಮಳೆಗಾಲದ ಪೂರ್ವಸಿದ್ಧತಾ ಸಭೆಯ ಸುದ್ದಿ ಪತ್ರಿಕೆಯಲ್ಲಿ ಓದುತ್ತೇನೆ. ದೋಣಿ ಎಷ್ಟಿವೆ, ಜೆಸಿಬಿ ಎಲ್ಲಿ ನಿಲ್ಲಿಸುತ್ತಾರೆ, ಮನೆ ಮುಳುಗಿದವರನ್ನು ಇರಿಸುವ ಕಾಳಜಿ ಕೇಂದ್ರ ಯಾವ ಶಾಲೆಯಲ್ಲಿ ಎಂಬುದೆಲ್ಲ ಇರುತ್ತದೆ. ಅದು ಬೇಕಾದದ್ದೇ. ಊರಿನ ಅಕ್ಕಿ ಯಾವ ಕೋಣೆಯಲ್ಲಿದೆ, ಹೊಳೆ ಬಂದ ದಿನ ಅದು ಒಣಗಿ ಉಳಿಯುತ್ತದೆಯೇ, ರಸ್ತೆ ಮುಚ್ಚಿದರೆ ಎಷ್ಟು ದಿನಕ್ಕೆ ಸಾಲುತ್ತದೆ ಎಂಬ ಮಾತು ಮಾತ್ರ ಎಲ್ಲೂ ಕಾಣುವುದಿಲ್ಲ. ಆ ಮಾತಿಗೆ ಬೇಕಾದ ಮಾಹಿತಿಯ ಬಹುಪಾಲು ಸರ್ಕಾರದ ಹತ್ತಿರ ಇದೆ. ಕೆಲವಷ್ಟು ಯಾರು ಬೇಕಾದರೂ ಮೊಬೈಲಿನಲ್ಲಿ ನೋಡುವಂತೆಯೂ ಇದೆ. ಹಾಗಿದ್ದೂ ಅದು ಊರಿನ ಉಪಯೋಗಕ್ಕೆ ಬರುತ್ತಿಲ್ಲ ಎಂಬುದು ನನ್ನ ಸಂಕಟ.

2021ರ ಜುಲೈ 23. ಪುಷ್ಯದ ಮಳೆ. ಆ ತಿಂಗಳ ಹಂಚಿಕೆ ಮುಕ್ಕಾಲು ಮುಗಿದು ಕೋಣೆಯಲ್ಲಿ 41 ಚೀಲ ಉಳಿದಿದ್ದವು. ಬೆಳಗಿನ ಜಾವ ಪಕ್ಕದ ಮನೆಯ ಹುಡುಗ ಬಂದು ಬಾಗಿಲು ಬಡಿದಾಗ ಅಂಗಳದ ತುಳಸಿಕಟ್ಟೆಯ ಬುಡಕ್ಕೆ ನೀರು ತಾಗಿತ್ತು. ಟಾರ್ಚು ಹಿಡಿದು ಅಂಗಡಿಗೆ ಓಡಿದೆವು. ಬೀಗ ತೆಗೆಯುವಾಗ ಮೊಣಕಾಲ ಮಟ್ಟ ನೀರು, ಬಾಗಿಲು ಒಳಗೆ ತಳ್ಳಲೂ ಆಗುತ್ತಿರಲಿಲ್ಲ. ಕೇರಿಯ ಗಂಡಸರು ಹೆಂಗಸರು ಎಂದಿಲ್ಲದೆ ಸಾಲಾಗಿ ನಿಂತರು. ಮೇಲಿನ ಸಾಲಿನ 24 ಚೀಲಗಳನ್ನು ಹೊತ್ತು, ಗುಡ್ಡದ ಮೇಲಿನ ದೇವಸ್ಥಾನದ ಚಂದ್ರಶಾಲೆಗೆ ಮುಟ್ಟಿಸಿದೆವು. ಕೆಳಗಿನ 17 ಚೀಲ ಅಷ್ಟರೊಳಗೆ ನೀರು ಕುಡಿದಿದ್ದವು. ಒಣಗಿದ ಚೀಲವನ್ನು ಇಬ್ಬರು ಎತ್ತಬಹುದು. ನೆನೆದ ಚೀಲ ನಾಲ್ಕು ಜನಕ್ಕೂ ಜಗ್ಗುವುದಿಲ್ಲ. ಹೊಲಿಗೆ ಬಿಚ್ಚಿ ಅಕ್ಕಿ ಹೊಳೆನೀರಿಗೆ ಸುರಿದುಹೋಗುತ್ತದೆ.

ನೀರು ಇಳಿದ ಮೇಲೆ ಆ 17 ಚೀಲಗಳನ್ನು ಹೊರಗೆ ಹಾಕಿದೆವು. ಮೂರನೇ ದಿನ ಚೀಲದೊಳಗೆ ಕೈ ಇಟ್ಟರೆ ಬಿಸಿ. ಹುಳಿ ವಾಸನೆ. ದನಕ್ಕೂ ಹಾಕುವ ಹಾಗಿರಲಿಲ್ಲ. ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ.

ಉಳಿದ 24 ಚೀಲ ಚಂದ್ರಶಾಲೆಯಲ್ಲಿ ಒಣಗಿ ಕೂತಿದ್ದವು. ಆದರೆ ಕರೆಂಟು ಇಲ್ಲ, ಟವರ್ ಸತ್ತುಹೋಗಿದೆ, ಹೆಬ್ಬೆಟ್ಟಿನ ಯಂತ್ರಕ್ಕೆ ನೆಟ್‌ವರ್ಕ್ ಇಲ್ಲ. ಹೆಬ್ಬೆಟ್ಟು ತಾಗದೆ ಅಕ್ಕಿ ತೂಗುವ ಹಾಗಿಲ್ಲ. ಎರಡನೇ ದಿನ ಮಧ್ಯಾಹ್ನ ಹಾಲಕ್ಕಿ ಕೇರಿಯ ಒಬ್ಬ ಅಜ್ಜಿ ಒದ್ದೆ ಕಂಬಳಿಕೊಪ್ಪೆಯಲ್ಲೇ ಹತ್ತಿ ಬಂದಳು. ಅವಳ ಮನೆಯಲ್ಲಿ ಒಲೆ ಉರಿದು ಒಂದೂವರೆ ದಿನವಾಗಿತ್ತು. ಚೀಲಗಳನ್ನು ನೋಡಿದಳು, ನನ್ನ ಮುಖ ನೋಡಿದಳು. "ಅಕ್ಕಿ ಕಣ್ಣೆದ್ರಿಗೇ ಅದೆ. ಕೊಡೂಕೆ ಎಂತ ಅಡ್ಡಿ ತಂಗೀ?" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸಂಘದ ಇಬ್ಬರನ್ನು ಸಾಕ್ಷಿಗೆ ಕೂರಿಸಿಕೊಂಡು, ಮಗಳ ಶಾಲೆಯ ನೋಟ್‌ಬುಕ್ಕಿನಲ್ಲಿ ಕಾರ್ಡು ನಂಬರು ಬರೆದು, 63 ಮನೆಗೆ ತಲಾ 7 ಕೆ.ಜಿ. ಅಳೆದು ಕೊಟ್ಟೆ. 9 ಚೀಲ ಬಿಚ್ಚಿದ್ದೆ, 9 ಕೆ.ಜಿ. ಉಳಿಯಿತು. ಆ ನೋಟ್‌ಬುಕ್ಕು ಇನ್ನೂ ಇದೆ.

ಯಂತ್ರದಲ್ಲಿ ದಾಖಲಾಗದ ಹಂಚಿಕೆಗೆ ಆಮೇಲೆ ವಿವರಣೆ ಕೇಳಿದರು. ಒಂದು ಕಚೇರಿಗೆ ಮೂರು ಸಲ ನೋಟ್‌ಬುಕ್ಕು ಹಿಡಿದು ಹೋಗಿ ಬಂದೆ. ಕೊನೆಗೆ ಒಪ್ಪಿದರು. ಅದನ್ನು ದೂರಾಗಿ ಬರೆಯುತ್ತಿಲ್ಲ, ಲೆಕ್ಕ ಕೇಳುವುದು ಅವರ ಕೆಲಸ. ನಾನು ದೂರು ಹೇಳಬೇಕಾದದ್ದು ಅದಕ್ಕೂ ಹಿಂದಿನದು.

2019ರ ಆಗಸ್ಟ್‌ನಲ್ಲಿ, ಆಶ್ಲೇಷದ ಮಳೆಯಲ್ಲಿ, ಇದೇ ಕೋಣೆಗೆ ನೀರು ಬಂದಿತ್ತು. ಆಗ ತಿಂಗಳ ಅಕ್ಕಿ ಇನ್ನೂ ಇಳಿದಿರಲಿಲ್ಲ, ಹಾಗಾಗಿ ನಷ್ಟವಾಗಲಿಲ್ಲ. ನೀರು ನಿಂತ ಎತ್ತರಕ್ಕೆ ಬಾಗಿಲ ದಾರಂದದ ಮೇಲೆ ಕೆಂಪು ಪೇಂಟಿನಲ್ಲಿ ಒಂದು ಗೆರೆ ಎಳೆದಿದ್ದೆ. ಕೋಣೆ ಬದಲಿಸಿಕೊಡಿ, ಗುಡ್ಡದ ಬದಿಯ ಕಟ್ಟಡ ಖಾಲಿ ಇದೆ ಎಂದು ಎರಡು ಸಲ ಅರ್ಜಿ ಕೊಟ್ಟೆ. ಪ್ರವಾಹಕ್ಕೆ ಸಿಗುವ ಮಳಿಗೆಗಳ ಪಟ್ಟಿಯಲ್ಲಿ ನಿಮ್ಮದು ಇಲ್ಲ ಎಂದರು. ನಮ್ಮ ಊರು ಮಾತ್ರ ಪ್ರವಾಹಪೀಡಿತ ಊರುಗಳ ಪಟ್ಟಿಯಲ್ಲಿ ಇದ್ದೇ ಇತ್ತು. ಪರಿಹಾರ ಕೊಡುವವರ ಕಂಪ್ಯೂಟರಿನಲ್ಲಿ ಊರು ಮುಳುಗಿದೆ, ಅಕ್ಕಿ ಕಳಿಸುವವರ ಕಂಪ್ಯೂಟರಿನಲ್ಲಿ ಅಂಗಡಿ ಒಣಗಿದೆ. ಈ ಎರಡು ಪಟ್ಟಿಗಳನ್ನು ಒಂದು ದಿನವಾದರೂ ಒಂದೇ ಮೇಜಿನ ಮೇಲೆ ಇಟ್ಟು ನೋಡಿದ್ದರೆ ಆ 17 ಚೀಲ ಉಳಿಯುತ್ತಿದ್ದವು. 2021ರ ಗೆರೆ 2019ರ ಗೆರೆಗಿಂತ ನಾಲ್ಕು ಬೆರಳು ಮೇಲಿದೆ. ದಾರಂದದ ಮೇಲೆ ಈಗ ಎರಡೂ ಇವೆ.

2021ರ ಅದೇ ವಾರ ಅರಬೈಲ್ ಘಟ್ಟ ಕುಸಿದು ಹುಬ್ಬಳ್ಳಿ ಕಡೆಯ ಹೆದ್ದಾರಿ ಬಂದ್ ಆಗಿತ್ತು. ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದಲ್ಲಿ ಇದೇ ಗಂಗಾವಳಿಗೆ ಕಟ್ಟಿದ್ದ ಸೇತುವೆ ಕೊಚ್ಚಿಹೋಯಿತು. ಕಳಚೆಯಲ್ಲಿ ಗುಡ್ಡವೇ ತೋಟದ ಮೇಲೆ ಬಂತು. ಕೆಳಗೆ ನಮ್ಮಲ್ಲಿ ಅಕ್ಕಿ ನೀರಿನಲ್ಲಿ ಹೋದರೆ, ಮೇಲೆ ಹೊಳೆಯಾಚೆಯ ಊರುಗಳಿಗೆ ಅಕ್ಕಿ ಸಾಗಿಸುವ ದಾರಿಯೇ ಉಳಿಯಲಿಲ್ಲ. ಒಂದೇ ಹೊಳೆ, ಒಂದೇ ದಿನ, ಎರಡು ಬಗೆಯ ತೊಂದರೆ. ಹಾಗಾಗಿ ಇಡೀ ಜಿಲ್ಲೆಗೆ ಒಂದೇ ಆದೇಶ ಹೊರಡಿಸಿದರೆ ಆಗುವುದಿಲ್ಲ. ಒಂದೊಂದು ಪಂಚಾಯಿತಿಯ ಸಂಗತಿ ಒಂದೊಂದು ತರ.

ಕಾಳಿ ದಂಡೆಯವರಿಗೆ ಕದ್ರಾ ಅಣೆಕಟ್ಟಿನ ಗೇಟು ತೆಗೆಯುವ ಮೊದಲು ಎಚ್ಚರಿಕೆ ಬರುತ್ತದೆ. ಶರಾವತಿಯವರಿಗೆ ಲಿಂಗನಮಕ್ಕಿ ಮಟ್ಟ ದಿನಾ ಪೇಪರಿನಲ್ಲಿ ಸಿಗುತ್ತದೆ. ಗಂಗಾವಳಿಗೆ ದೊಡ್ಡ ಅಣೆಕಟ್ಟಿಲ್ಲ, ಅದು ನಮ್ಮ ಪುಣ್ಯ. ಆದರೆ ಎಚ್ಚರಿಸುವವರೂ ಇಲ್ಲ. ಧಾರವಾಡದ ಹತ್ತಿರ ಹುಟ್ಟುವ ಬೇಡ್ತಿ ಕಲಘಟಗಿ, ಯಲ್ಲಾಪುರ ದಾಟಿ, ಮಾಗೋಡಿನಲ್ಲಿ ಧುಮುಕಿ, ಘಟ್ಟ ಇಳಿದ ಮೇಲೆ ನಮ್ಮಲ್ಲಿ ಗಂಗಾವಳಿ ಎನಿಸಿಕೊಳ್ಳುತ್ತದೆ. ನಮ್ಮಲ್ಲಿ ಬಿಸಿಲಿದ್ದ ದಿನವೂ ಹೊಳೆ ಕೆಂಪಾಗಿ ಏರಿದ್ದನ್ನು ನೋಡಿದ್ದೇನೆ. ಮೇಲೆ ಹೊಡೆದ ಮಳೆ ಅದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕ ಕೂರಿಸಿದೆ. 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುವ ಯಂತ್ರಗಳವು. 1988ರಲ್ಲಿ ಬರದ ಉಸ್ತುವಾರಿಗೆಂದು ಶುರುವಾದ ಸಂಸ್ಥೆ ಇಂದು ಇಷ್ಟು ದೂರ ಬಂದಿರುವುದಕ್ಕೆ ನಾನು ಮನಸಾರೆ ಕೈ ಮುಗಿಯುತ್ತೇನೆ. ಕಲಘಟಗಿ, ಯಲ್ಲಾಪುರ ಕಡೆಯ ಮಾಪಕಗಳ ರಾತ್ರಿಯ ಲೆಕ್ಕ ಬೆಳಿಗ್ಗೆ ನಾಲ್ಕಕ್ಕೆ ನಮ್ಮ ಪಂಚಾಯಿತಿಯವರ ಮೊಬೈಲಿಗೆ, ನಮ್ಮ ಅಂಗಡಿಯವರ ಮೊಬೈಲಿಗೆ ಬಂದರೆ, ಚೀಲ ಹೊರಲು ಟಾರ್ಚು ಹುಡುಕಬೇಕಾಗಿಲ್ಲ. ಆ ಮಾಪಕಗಳು ಕೆಟ್ಟು ನಿಂತರೆ ಅದೂ ಗೊತ್ತಾಗಬೇಕು. ಮಾಪಕ ನಿಂತದ್ದೂ ಮಳೆ ಬಾರದ್ದೂ ಒಂದೇ ಸೊನ್ನೆಯಾಗಿ ಕಾಣಬಾರದು. ಮಳೆಯ ಲೆಕ್ಕದ ಮೇಲೆ ಪರಿಹಾರ ಸಿಗುವ ಅಡಿಕೆ, ಕಾಳುಮೆಣಸಿನ ಬೆಳೆವಿಮೆ ಕಟ್ಟುವ ಶಿರಸಿ, ಸಿದ್ದಾಪುರದ ಬೆಳೆಗಾರರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಅಕ್ಕಿಯ ಲೆಕ್ಕ. ಆಹಾರ ಇಲಾಖೆಯ ಜಾಲತಾಣದಲ್ಲಿ ಅಂಗಡಿವಾರು ಕಾರ್ಡು, ಹಂಚಿಕೆ, ಎತ್ತುವಳಿ (ಗೋದಾಮಿನಿಂದ ಎತ್ತಿದ ಧಾನ್ಯ) ನೋಡಲು ಸಿಗುತ್ತದೆ. ನಾನು ಅಂಗಡಿ ಶುರು ಮಾಡಿದಾಗ ಎಲ್ಲ ಕೈಬರಹದ ವಹಿ. ಯಾರು ಕೇಳಿದರೂ "ಸ್ಟಾಕ್ ಇಲ್ಲ" ಎಂದರೆ ಮುಗಿಯಿತು. ಇವತ್ತು ಹಾಗೆ ಹೇಳಿ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಅದು ದೊಡ್ಡ ಬದಲಾವಣೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 27ನೇ ಕಲಮು ಪಡಿತರ ವ್ಯವಸ್ಥೆಯ ದಾಖಲೆಗಳನ್ನು ಸಾರ್ವಜನಿಕರ ಎದುರು ಇಡಬೇಕು ಎನ್ನುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು, ಯಾರೂ ಅರ್ಜಿ ಹಾಕುವ ಮೊದಲೇ ಇಲಾಖೆಗಳು ತಾವಾಗಿ ಮಾಹಿತಿ ಪ್ರಕಟಿಸಬೇಕು ಎನ್ನುತ್ತದೆ. 2012ರಲ್ಲಿ ಕೇಂದ್ರ ಸರ್ಕಾರ ದತ್ತಾಂಶ ಹಂಚಿಕೆಯ ರಾಷ್ಟ್ರೀಯ ನೀತಿಯನ್ನೇ ತಂದು, ಎಲ್ಲ ಇಲಾಖೆಗಳ ಅಂಕಿಅಂಶಕ್ಕೆ ಒಂದು ಜಾಲತಾಣವನ್ನೂ ತೆರೆಯಿತು. ಕಾನೂನಿನ ಕೊರತೆ ನಮಗಿಲ್ಲ. ಆದರೆ ತಿಂಗಳ ಕೊನೆಗೆ ಎಷ್ಟು ಹಂಚಿತು ಎಂಬ ಲೆಕ್ಕ ಕಳ್ಳತನ ಹಿಡಿಯಲು ಸಾಕು, ಹೊಳೆ ಎದುರಿಸಲು ಸಾಲದು. ಅದಕ್ಕೆ ಬೇಕಾದದ್ದು ಅಕ್ಕಿ ಇಟ್ಟ ನೆಲದ ಎತ್ತರ, ಅಲ್ಲಿಗೆ ಬರುವ ದಾರಿ, ದಾರಿ ಮುಚ್ಚಿದರೆ ಇನ್ನೊಂದು ದಾರಿ. ಆ ಮೂರು ಯಾವ ಪುಟದಲ್ಲೂ ನನಗೆ ಸಿಕ್ಕಿಲ್ಲ.

ಮಗಳು ಬಿ.ಸಿ.ಎ. ಓದುತ್ತಾಳೆ. ಹೋದ ಬೇಸಿಗೆ ರಜೆಯಲ್ಲಿ ಅವಳಿಗೆ ನನ್ನ ಈ ಗೋಳು ಕೇಳಿ ಸಾಕಾಗಿ, "ಅಮ್ಮ, ನಾವೇ ಒಂದು ಪಟ್ಟಿ ಮಾಡಿ ನೋಡುವ" ಎಂದಳು. ನಮ್ಮ ಅಕ್ಕಪಕ್ಕದ 9 ಅಂಗಡಿ ಆರಿಸಿಕೊಂಡೆವು. ಕಾರ್ಡಿನ ಸಂಖ್ಯೆ ಜಾಲತಾಣದಲ್ಲಿ ಸಿಕ್ಕಿತು. ಉಳಿದದ್ದಕ್ಕೆ ಸ್ಕೂಟಿಯಲ್ಲಿ ಇಬ್ಬರೂ ಸುತ್ತಿದೆವು. ದರ್ಜಿಯ ಟೇಪು ಹಿಡಿದು, ಊರವರು ತೋರಿಸಿದ ನೀರಿನ ಗುರುತಿನಿಂದ ಅಂಗಡಿಯ ನೆಲದವರೆಗೆ ಅಳೆದೆವು. ಒಂದು ಊರಲ್ಲಿ ಗುರುತು ಬಾವಿಕಟ್ಟೆಯ ಮೇಲಿತ್ತು, ಇನ್ನೊಂದು ಊರಲ್ಲಿ ತೆಂಗಿನ ಮರಕ್ಕೆ ಹೊಡೆದ ಮೊಳೆ. ಗುರುತು ತೋರಿಸಲು ಮನೆಯಿಂದ ಮುದುಕರು ಎದ್ದು ಬಂದರು. ಒಬ್ಬರು ನಮ್ಮ ಟೇಪಿನ ತುದಿಯನ್ನು ತಾವೇ ಹಿಡಿದು ನಿಂತರು. ಎರಡು ರವಿವಾರದಲ್ಲಿ ಕೆಲಸ ಮುಗಿಯಿತು. ಗುರುತು ಸಿಕ್ಕ 7 ಅಂಗಡಿಗಳಲ್ಲಿ 4ರ ನೆಲ 2021ರ ಗುರುತಿಗಿಂತ ಕೆಳಗಿದೆ. ಆ ನಾಲ್ಕರಲ್ಲಿ ಮೂರರ ಹತ್ತಿರ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಎತ್ತರದ ಜಾಗದಲ್ಲಿ ಕಟ್ಟಡ ಇದೆ. ಒಂದಕ್ಕೆ ಮಾತ್ರ ಇಲ್ಲ. ಒಂಬತ್ತು ಊರಿನ ಅಕ್ಕಿಯ ಭವಿಷ್ಯ ಒಂದು ಹಾಳೆಯಲ್ಲಿ ಕಾಣಿಸಿದಾಗ ನನಗೆ ಕಣ್ಣು ತುಂಬಿ ಬಂತು. ಇಷ್ಟು ಸಣ್ಣ ಕೆಲಸಕ್ಕೆ ನಾವು ಎರಡು ಮಹಾಪೂರ ಕಾದೆವಲ್ಲ ಎಂದು.

ಪಟ್ಟಿ ಮಾಡುವಾಗ ಮಗಳಿಗೆ ಹೆಚ್ಚು ಸಮಯ ಹಿಡಿದದ್ದು ಊರಿನ ಹೆಸರುಗಳು. ಒಂದೇ ಊರನ್ನು ಒಂದು ಇಲಾಖೆ ಒಂದು ತರ ಬರೆದರೆ ಇನ್ನೊಂದು ಇನ್ನೊಂದು ತರ ಬರೆಯುತ್ತದೆ. ಕಂಪ್ಯೂಟರಿಗೆ ಅವು ಬೇರೆ ಬೇರೆ ಊರು. 2024ರ ಜುಲೈನಲ್ಲಿ ನಮ್ಮ ಅಂಕೋಲಾ ತಾಲ್ಲೂಕಿನ ಶಿರೂರು ಗುಡ್ಡ ಕುಸಿದಾಗ ಉಡುಪಿ ಜಿಲ್ಲೆ ಬೈಂದೂರು ಕಡೆಯ ಶಿರೂರಿನಲ್ಲಿ ಮದುವೆಯಾಗಿರುವ ನಮ್ಮ ಸಂಬಂಧಿಗೆ ಮುಂಬಯಿಯಿಂದ ಫೋನಿನ ಮೇಲೆ ಫೋನು. ಎರಡೂ ಶಿರೂರು ಇದೇ 66ನೇ ಹೆದ್ದಾರಿಯ ಮೇಲಿವೆ. ಮನುಷ್ಯರೇ ಹೀಗೆ ಗಲಿಬಿಲಿಗೊಂಡರೆ ಯಂತ್ರದ ಪಾಡೇನು? ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ದೇಶದ ಪ್ರತಿ ಹಳ್ಳಿಗೂ ಒಂದು ಸಂಕೇತ ಸಂಖ್ಯೆ ಕೊಟ್ಟಿದೆ. ಮಳೆ, ಪಡಿತರ, ಶಾಲೆ, ರಸ್ತೆ, ಯಾವ ಪಟ್ಟಿಯೇ ಇರಲಿ, ಊರಿನ ಹೆಸರಿನ ಪಕ್ಕ ಆ ಸಂಖ್ಯೆ ಬರೆದರೆ ಎಲ್ಲ ಪಟ್ಟಿಗಳೂ ತಾವಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಖರ್ಚಿಲ್ಲದ ಕೆಲಸ ಇದು.

ಇನ್ನೊಂದು ತೊಂದರೆ, ಎಷ್ಟೋ ದಾಖಲೆಗಳು ಕಾಗದದ ಫೋಟೊ ಹೊಡೆದು ಹಾಕಿದ ಹಾಗೆ ಇರುತ್ತವೆ. ಸಹಿ, ಮೊಹರು, ಓರೆಯಾದ ಪುಟ. ಕಣ್ಣಿಗೆ ಓದಬಹುದು, ಅದರಿಂದ ಒಂದು ಅಂಕಿಯನ್ನೂ ಎತ್ತಿಕೊಳ್ಳಲಾಗುವುದಿಲ್ಲ. ಮಗಳು ಒಂದೊಂದನ್ನೂ ನೋಡಿ ನೋಡಿ ಬೆರಳಚ್ಚು ಮಾಡಿದಳು. ಎಕ್ಸೆಲ್ ಕಡತವಾಗಿಯೇ ಹಾಕಿದರೆ ಪ್ರತಿ ಪಂಚಾಯಿತಿಯ ಡೇಟಾ ಎಂಟ್ರಿ ಮಾಡುವ ಹುಡುಗ, ಹುಡುಗಿಯೇ ಊರಿಗೆ ಬೇಕಾದ ಹಾಳೆ ತಯಾರಿಸಬಲ್ಲರು.

ಶಿರೂರಿನ ಮಾತು ಬಂದಿತು. 2024ರ ಜುಲೈ 16, ಪುನರ್ವಸು ಮಳೆ. ಹೆದ್ದಾರಿ ಬದಿಯ ಗುಡ್ಡ ಜಾರಿ, ಚಹಾ ಊಟದ ಅಂಗಡಿಯನ್ನೂ ಅಲ್ಲಿ ನಿಂತಿದ್ದ ಜನ, ಗಾಡಿಗಳನ್ನೂ ಗಂಗಾವಳಿಗೆ ತಳ್ಳಿತು. ಆ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನು ಬಡಿಯಿತು. ತೀರಿಕೊಂಡವರನ್ನು ನೆನೆದರೆ ಅಕ್ಕಿ, ತರಕಾರಿಯ ಮಾತು ಎತ್ತಲು ನಾಲಿಗೆ ಬರುವುದಿಲ್ಲ. ಆದರೂ ಬದುಕಿ ಉಳಿದವರು ಉಣ್ಣಬೇಕು. ಹೆದ್ದಾರಿ ಸುಮಾರು ಎರಡು ವಾರ ಬಂದ್ ಇತ್ತು. ಅಂಕೋಲಾದವರಿಗೆ ಕುಮಟಾ ಪಕ್ಕದ ಊರು ಎಂಬುದೇ ಹೋಯಿತು. ಸರಿಯಾಗಿ 22 ದಿನಕ್ಕೆ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಕೋಡಿಬಾಗದಲ್ಲಿ ಕಾಳಿಯ ಹಳೇ ಸೇತುವೆ ಮುರಿದು ಬಿತ್ತು. ಪಕ್ಕದಲ್ಲಿ ಹೊಸ ಸೇತುವೆ ಇದ್ದದ್ದರಿಂದ ಸದಾಶಿವಗಡದ ಕಡೆಯ ದಾರಿ ಉಳಿಯಿತು. ಅದೊಂದು ಇಲ್ಲದಿದ್ದರೆ? ಕರಾವಳಿಯ ನಮ್ಮ ಊರುಗಳು ಒಂದು ದಾರದಲ್ಲಿ ಪೋಣಿಸಿದ ಹಾಗಿವೆ. ಒಂದು ಬದಿ ಸಮುದ್ರ, ಒಂದು ಬದಿ ಘಟ್ಟ. ಅರಬೈಲ್, ದೇವಿಮನೆ, ಅಣಶಿ, ಗೇರುಸೊಪ್ಪೆ, ಇಂಥ ಕೆಲವೇ ಘಟ್ಟದ ದಾರಿಗಳು ನಮ್ಮ ಅನ್ನದ ಬಾಗಿಲುಗಳು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಭೂಕುಸಿತದ ಸಾಧ್ಯತೆಯ ನಕ್ಷೆಗಳನ್ನು ಮಾಡಿ ತನ್ನ ಜಾಲತಾಣದಲ್ಲಿ ಇಟ್ಟಿದೆ. ಯಾವ ಪ್ರದೇಶದಲ್ಲಿ ಅಪಾಯ ಹೆಚ್ಚು ಎಂಬುದು ಅದರಲ್ಲಿ ಬಣ್ಣ ಹಚ್ಚಿ ಕಾಣಿಸುತ್ತದೆ. ಆ ನಕ್ಷೆಯ ಮೇಲೆ ಪಡಿತರದ ಲಾರಿ, ಹಾಲಿನ ಗಾಡಿ, ಗ್ಯಾಸ್ ಸಿಲಿಂಡರಿನ ಗಾಡಿ ಬರುವ ದಾರಿಯನ್ನು ಒಂದು ಗೆರೆಯಾಗಿ ಎಳೆದು ನೋಡಬೇಕು.

ಕಾರವಾರದ ರವಿವಾರದ ಸಂತೆಗೆ ಹೋದವರಿಗೆ ಗೊತ್ತು, ತರಕಾರಿಯ ಬುಟ್ಟಿಗಳೆಲ್ಲ ಘಟ್ಟದ ಮೇಲಿನವು. ಹುಬ್ಬಳ್ಳಿ ಮಾರುಕಟ್ಟೆಯ ದಿನದ ಧಾರಣೆ ಕೃಷಿ ಮಾರಾಟ ವಾಹಿನಿಯಲ್ಲಿ ಸಿಗುತ್ತದೆ. ಅಲ್ಲಿ ಬೆಲೆ ಏರದೆ ನಮ್ಮಲ್ಲಿ ಮಾತ್ರ ಏರಿದರೆ ಅದು ದಾರಿಯ ತೊಂದರೆ ಎಂದು ತಿಳಿಯಬಹುದು. ಅದಕ್ಕಿಂತ ನನಗೆ ಕಾಡುವುದು ಮೀನಿನ ಮಾತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆ ನಿಷೇಧ. ಮೀನು ಮೊಟ್ಟೆಯಿಡುವ ಕಾಲ, ನಿಷೇಧ ಇರಲೇಬೇಕು. ಆದರೆ ಬಡವರ ತಟ್ಟೆಯಲ್ಲಿ ಗಂಜಿಯ ಜೊತೆ ಒಂದು ತುಂಡು ಬಂಗುಡೆ ಇಲ್ಲದಾಗುವ ಎರಡು ತಿಂಗಳೂ, ಘಟ್ಟ ಕುಸಿಯುವ ಎರಡು ತಿಂಗಳೂ ಒಂದೇ. ಹಿಂದೆ ಮಿರ್ಗದ ಮಳೆ ಬೀಳುವ ಮೊದಲು ನನ್ನ ಅಜ್ಜಿ ಅಟ್ಟದ ಮೇಲೆ ಮುಡಿ ಅಕ್ಕಿ, ಒಣಮೀನಿನ ಬುಟ್ಟಿ, ಹಲಸಿನ ಹಪ್ಪಳ, ಉಪ್ಪು ಸೊಳೆಯ ಭರಣಿ, ಸಾಣಿಕಟ್ಟೆಯ ಉಪ್ಪು ಎಲ್ಲ ಲೆಕ್ಕ ಹಾಕಿ ಇಡುತ್ತಿದ್ದಳು. ಮನೆಯಲ್ಲಿ ಎಷ್ಟು ಬಾಯಿ, ಎಷ್ಟು ದಿನ, ಬಾಣಂತಿ ಯಾರು ಎಂಬುದು ಅವಳ ಬೆರಳ ತುದಿಯಲ್ಲಿತ್ತು. ಇವತ್ತು ಆ ಅಟ್ಟದ ಜಾಗಕ್ಕೆ ಪಡಿತರದ ಅಂಗಡಿ ಬಂದಿದೆ. ಆ ಲೆಕ್ಕದ ಜಾಗಕ್ಕೆ ಏನೂ ಬಂದಿಲ್ಲ.

ನನ್ನ ತವರು ಕುಮಟಾ ತಾಲ್ಲೂಕಿನ ಮಾಣಿಕಟ್ಟಾ ಕಡೆ, ಅಘನಾಶಿನಿ ಅಳಿವೆಯ ಗಜನಿ ಭೂಮಿ, ಎಂದರೆ ಉಪ್ಪುನೀರಿನ ತಗ್ಗು ಗದ್ದೆ. ಅಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪುನೀರು ನುಗ್ಗಿದರೂ, ದಿನಗಟ್ಟಲೆ ಮುಳುಗಿದರೂ ಸಾಯದ ತಳಿ. ಗೊಬ್ಬರ ಕೇಳುವುದಿಲ್ಲ, ಔಷಧ ಕೇಳುವುದಿಲ್ಲ. ಗಜನಿ ಕಟ್ಟೆಗಳು ಒಡೆದು, ಸೀಗಡಿ ಹೊಂಡಗಳಾಗಿ, ಕಗ್ಗ ಬೆಳೆಯುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿದ್ದನ್ನು ಅಣ್ಣನ ಬಾಯಲ್ಲಿ ಕೇಳಿದ್ದೇನೆ. ಎಷ್ಟು ಎಕರೆ ಉಳಿದಿದೆ ಎಂದು ಪಹಣಿ ನೋಡಿದರೆ ನಮ್ಮ ಮನೆಯ ಪಹಣಿಯಲ್ಲಿ "ಭತ್ತ" ಎಂದಷ್ಟೇ ಇದೆ. ಈಗ ಹೊಲಹೊಲಕ್ಕೆ ಬಂದು ಮೊಬೈಲಿನಲ್ಲಿ ಫೋಟೊ ತೆಗೆದು ಬೆಳೆ ಸಮೀಕ್ಷೆ ಮಾಡುತ್ತಾರೆ. ಬಂದವರು ತಳಿಯ ಹೆಸರನ್ನೂ ಒಂದು ಸಾಲು ಬರೆದುಕೊಂಡರೆ, ಸಮುದ್ರ ಉಕ್ಕಿದ ವರ್ಷವೂ ಗಂಜಿಗೆ ಅಕ್ಕಿ ಕೊಡುವ ಗದ್ದೆ ಎಲ್ಲೆಲ್ಲಿ ಎಷ್ಟಿದೆ ಎಂದು ಜಿಲ್ಲೆಗೆ ತಿಳಿಯುತ್ತದೆ. ಅಂಥ ಗದ್ದೆಯ ಕಟ್ಟೆಗೆ ಮೊದಲು ಹಣ ಇಡಬಹುದು.

2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ, ಮಳೆಗಾಲದ ತೊಂದರೆ ತಪ್ಪಿಸಲು ಆಗಸ್ಟ್‌ವರೆಗಿನ ಮೂರು ತಿಂಗಳ ಧಾನ್ಯವನ್ನು ಮುಂಗಡ ಎತ್ತಿ ಹಂಚಿ ಎಂದು ರಾಜ್ಯಗಳಿಗೆ ಸೂಚಿಸಿತು. ಸುದ್ದಿ ಓದಿ ಸಂತೋಷಪಟ್ಟೆ, ಬೆನ್ನಿಗೇ ಹೆದರಿಕೆಯೂ ಆಯಿತು. ನನ್ನ ಆ ಕೋಣೆಗೆ ಮೂರು ತಿಂಗಳ ಚೀಲ ತಂದು ಇಳಿಸಿದರೆ, 17ರ ಬದಲು ನೂರಾರು ಚೀಲ ಹೊಳೆಯ ಬಾಯಿಗೆ ಇಟ್ಟ ಹಾಗೆ. ಮನೆಮನೆಗೆ ಒಮ್ಮೆಲೇ ಹಂಚಿದರೆ ಸೋರುವ ಮನೆಯಲ್ಲಿ ಅಕ್ಕಿ ಮುಗ್ಗುತ್ತದೆ. ಎತ್ತರದಲ್ಲಿರುವ, ಆದರೆ ದಾರಿ ಮುಚ್ಚಿಹೋಗುವ ಊರಿಗೆ ಮೂರು ತಿಂಗಳದ್ದು ಕೊಡಿ. ತಗ್ಗಿನಲ್ಲಿರುವ, ದಾರಿ ಇರುವ ಊರಿಗೆ ವಾರವಾರ ಕೊಡಿ, ಇಲ್ಲವೇ ಗುಡ್ಡದ ಮೇಲೆ ಇಡಿ. ಯಾವುದು ಯಾವ ಊರು ಎಂದು ಹೇಳಬಲ್ಲದ್ದು ಆ ಒಂದು ಹಾಳೆಯ ಪಟ್ಟಿ ಮಾತ್ರ. ನೆಟ್‌ವರ್ಕ್ ಹೋದ ದಿನಕ್ಕೆ ನೋಟ್‌ಬುಕ್ಕಿನಲ್ಲಿ ಬರೆದು ಕೊಡಲು ಯಾರ ಸಹಿ ಸಾಕು ಎಂಬುದನ್ನೂ ಮೊದಲೇ ಬರೆದು ಅಂಗಡಿಯ ಗೋಡೆಗೆ ಅಂಟಿಸಿ. ಅಜ್ಜಿ ಕೇಳಿದ ಪ್ರಶ್ನೆಗೆ ನನ್ನ ನಂತರದವಳ ಹತ್ತಿರವಾದರೂ ಉತ್ತರ ಇರಲಿ.

ಕಾಳಜಿ ಕೇಂದ್ರಗಳ ವಿಷಯವೂ ಇದೇ. ನಮ್ಮಲ್ಲಿ ಕಾಳಜಿ ಕೇಂದ್ರ ಎಂದರೆ ಶಾಲೆ. ಬಿಸಿಯೂಟದ ಅಡುಗೆಮನೆ, ದೊಡ್ಡ ಪಾತ್ರೆ, ಅಡುಗೆಯ ಅಕ್ಕಂದಿರು, ಅಕ್ಕಿ ಬೇಳೆ ಎಲ್ಲ ಅಲ್ಲೇ ಇರುತ್ತದೆ. ಯಾವ ಶಾಲೆಯಲ್ಲಿ ಕುಡಿಯುವ ನೀರಿದೆ, ಶೌಚಾಲಯ ಇದೆ, ಕರೆಂಟಿದೆ ಎಂದು ಕೇಂದ್ರ ಶಿಕ್ಷಣ ಇಲಾಖೆ ವರ್ಷಕ್ಕೊಮ್ಮೆ ಶಾಲೆವಾರು ಮಾಹಿತಿ ಸೇರಿಸುತ್ತದೆ, ನೋಡಲು ಸಿಗುತ್ತದೆ. ಅಂಗನವಾಡಿಯಲ್ಲಿ ಗರ್ಭಿಣಿ ಎಷ್ಟು, ಬಾಣಂತಿ ಎಷ್ಟು, ಪುಷ್ಟಿ ಪೊಟ್ಟಣ ತಿನ್ನುವ ಕೂಸು ಎಷ್ಟು ಎಂಬ ಲೆಕ್ಕ ಕಾರ್ಯಕರ್ತೆಯ ಮೊಬೈಲಿನಲ್ಲಿದೆ. 2019ರಲ್ಲಿ ಕಾಳಜಿ ಕೇಂದ್ರಕ್ಕೆ ಬಂದ ಎಂಟು ತಿಂಗಳ ಕೂಸಿಗೆ ಅನ್ನ ಸಾರು ಬಿಟ್ಟು ಕೊಡಲು ಏನೂ ಇರಲಿಲ್ಲ. ಅನ್ನವನ್ನೇ ಕೈಯಲ್ಲಿ ಹಿಸುಕಿ ಹಿಸುಕಿ ತಾಯಿ ತಿನ್ನಿಸುತ್ತಿದ್ದಳು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಮಾಹಿತಿ ತೆರೆದಿಡಿ ಎಂದರೆ ಯಾರ ಮನೆಯಲ್ಲಿ ಯಾವ ಕಾರ್ಡು, ಯಾರ ಮನೆ ಸೊಸೆ ಗರ್ಭಿಣಿ ಎಂದು ಹೆಸರು ಹಾಕಿ ಎಂದು ನಾನು ಹೇಳುತ್ತಿಲ್ಲ. ಅಂಗಡಿಯಲ್ಲಿ ಕೂತು 16 ವರ್ಷ ನೋಡಿದ್ದೇನೆ, ಕಾರ್ಡಿನ ಬಣ್ಣ ಬಯಲಾದರೆ ಕೆಲವರು ಎಷ್ಟು ಕುಗ್ಗುತ್ತಾರೆ ಎಂದು. ಸಂಖ್ಯೆ ಸಾಕು. ಇಷ್ಟು ಕಾರ್ಡು, ಇಷ್ಟು ಕೂಸು, ಇಷ್ಟು ಹಾಸಿಗೆ ಹಿಡಿದವರು.

ಕೇರಳದಲ್ಲಿ 2018ರ ಆಗಸ್ಟ್‌ನ ಮಹಾಪೂರದ ಹೊತ್ತಿಗೆ ಕಂಪ್ಯೂಟರು ಬಲ್ಲ ಹುಡುಗರು ರಾತ್ರೋರಾತ್ರಿ ಜಾಲತಾಣ ಕಟ್ಟಿ, ಯಾರಿಗೆ ಏನು ಬೇಕು ಎಂದು ದಾಖಲಿಸಿಕೊಂಡು ಸಾವಿರಾರು ಜನಕ್ಕೆ ನೆರವು ಮುಟ್ಟಿಸಿದರು. ದೊಡ್ಡ ಕೆಲಸ ಅದು. ನಮಗೆ ಬೇಸಿಗೆಯ ಮೂರು ತಿಂಗಳು ಬಿಡುವಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲೆಗೊಂದು ವಿಪತ್ತು ನಿರ್ವಹಣಾ ಯೋಜನೆ ಇರಬೇಕು, ಅದನ್ನು ವರ್ಷವರ್ಷ ತಿದ್ದಬೇಕು. ಮುಂದಿನ ಸಲ ತಿದ್ದುವಾಗ ಅದರಲ್ಲಿ ಪಂಚಾಯಿತಿಗೆ ಒಂದು ಪುಟ ಅಕ್ಕಿಗೆ ಮೀಸಲಿಡಿ. ಮೇ 15ರೊಳಗೆ ಆ ಪುಟವನ್ನು ಕನ್ನಡದಲ್ಲಿ ಪಂಚಾಯಿತಿಯ ಫಲಕಕ್ಕೂ ನ್ಯಾಯಬೆಲೆ ಅಂಗಡಿಯ ಬಾಗಿಲಿಗೂ ಹಚ್ಚಿ. ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ. ತಪ್ಪಿದ್ದರೆ ಊರವರೇ ತಿದ್ದುತ್ತಾರೆ. ಯಾವ ಮೋರಿ ಮೊದಲು ಕಟ್ಟುತ್ತದೆ, ಯಾವ ಕಾಲುಸಂಕ ಮೊದಲ ಮಳೆಗೇ ಹೋಗುತ್ತದೆ ಎಂಬುದು ಬೆಂಗಳೂರಿನ ಉಪಗ್ರಹದ ಚಿತ್ರಕ್ಕಿಂತ ನಮ್ಮ ಹಾಲು ಹಾಕುವ ಹೆಂಗಸರಿಗೆ ಚೆನ್ನಾಗಿ ಗೊತ್ತು. ಅವರು ಹೇಳಿದ್ದನ್ನೂ ಬರೆದುಕೊಂಡು ಜಾಲತಾಣಕ್ಕೆ ಸೇರಿಸಿ.

ಮಗಳು ಮಾಡಿದ ಒಂಬತ್ತು ಅಂಗಡಿಯ ಪಟ್ಟಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಅದರಲ್ಲಿ ಎರಡು ಅಂಗಡಿಯ ಎದುರು "ನೀರಿನ ಗುರುತು" ಎಂಬ ಕಾಲಂ ಖಾಲಿ ಇದೆ. ಆ ಎರಡು ಊರಲ್ಲಿ 2021ರ ಗುರುತು ಬಲ್ಲವರು ಮನೆಯಲ್ಲಿರಲಿಲ್ಲ, ಗೋಡೆಗೆ ಹೊಸ ಸುಣ್ಣ ಬಳಿದಿತ್ತು. ನಿಮ್ಮ ಓದುಗರಲ್ಲಿ ಯಾರಾದರೂ ಆ ದಿನದ ಫೋಟೊ ಇಟ್ಟುಕೊಂಡಿದ್ದರೆ ಪತ್ರಿಕೆಯ ಮೂಲಕ ತಿಳಿಸಲಿ. ನಾನು, ಮಗಳು ಹೋಗಿ ಅಳೆದು ಬರುತ್ತೇವೆ.

ಇತಿ,
ನ್ಯಾಯಬೆಲೆ ಅಂಗಡಿಯ ಮಾಜಿ ನಿರ್ವಾಹಕಿ
ಗಂಗಾವಳಿ ದಂಡೆ, ಅಂಕೋಲಾ ತಾಲ್ಲೂಕು, ಉತ್ತರ ಕನ್ನಡ